ಟೆಸ್ಟಿಂಗ್ ಕಾಲಂ ಹೇಳಿದ ಸಾಕ್ಷಿ

ಬಂಕಿಗೆ ಹೊಸದಾಗಿ ಸೇರುವ ಡಿಎಸ್‌ಎಂ (ಎಣ್ಣೆ ಹಾಕುವ) ಹುಡುಗರಿಗೆ ಒಂದು ಕೆಲಸ ಮಾತ್ರ ತಲೆಗೆ ಹತ್ತುವುದಿಲ್ಲ. ಬೆಳಿಗ್ಗೆ ಪ್ರತಿ ನಾಝಲ್‌ನಿಂದ ಐದು ಲೀಟರ್ ಮೆಜರ್‌ಗೆ (ಅಳತೆ ಪಾತ್ರೆಗೆ) ಹೊಡೆದು, ಅಳತೆ ಸರಿಯಿದೆಯಾ ಅಂತ ಗೆರೆ ನೋಡಿ, ವಾಪಸ್ ಟ್ಯಾಂಕಿಗೇ ಸುರಿಯುತ್ತೇವೆ. ಎಣ್ಣೆ ಎಲ್ಲೂ ಹೋಗಲಿಲ್ಲ, ದುಡ್ಡೂ ಬರಲಿಲ್ಲ, ಅದನ್ನ ಸುಮ್ನೆ ಯಾಕೆ ಬರೀಬೇಕು ಅಂತ ಕೇಳುತ್ತಾರೆ. ಯಾಕೆಂದರೆ ಮೀಟರ್ ಓಡಿರುತ್ತದೆ. ಒಟ್ಟು ಲೀಟರ್ ತೋರಿಸುವ ಟೋಟಲೈಸರ್ ಹಿಂದಕ್ಕೆ ತಿರುಗುವುದಿಲ್ಲ. ಟ್ಯಾಂಕಿಗೆ ಸುರಿದ ಲೀಟರನ್ನು ಡಿಎಸ್‌ಆರ್‌ನ (ದಿನದ ಮಾರಾಟದ ಲೆಕ್ಕದ ಪುಸ್ತಕದ) ಟೆಸ್ಟಿಂಗ್ ಕಾಲಂನಲ್ಲಿ ತೋರಿಸದಿದ್ದರೆ ಸಂಜೆ ಕ್ಯಾಶ್ ತಾಳೆಯಾಗುವುದಿಲ್ಲ.

ಆ ಕಾಲಂ ಒಬ್ಬ ಅಧಿಕಾರಿಯ ಸುಳ್ಳನ್ನು ಹಿಡಿದುಕೊಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೈವೇಯಲ್ಲಿ, ಭರಮಸಾಗರದ ಹತ್ತಿರದ ಬಂಕಿನಲ್ಲಿ ನಾನು ಮ್ಯಾನೇಜರ್. ಡೀಲರ್ ಖಾಸಗಿಯವರು, ಬೋರ್ಡು ಸರ್ಕಾರಿ ತೈಲ ಕಂಪನಿಯದು. ಯಾವ ಕಂಪನಿ ಅಂತ ಬರೆಯುವುದಿಲ್ಲ. ಹೈವೇ ಬಂಕಿನಲ್ಲಿ ಡೀಸೆಲ್ ವ್ಯಾಪಾರವೇ ಜಾಸ್ತಿ. ಮೆಕ್ಕೆಜೋಳದ ಸೀಸನ್ನಿನಲ್ಲಿ ದಾವಣಗೆರೆ ಎಪಿಎಂಸಿಗೆ ಹೋಗುವ ಲಾರಿಗಳು ಬಾಗಿಲಲ್ಲೇ ಸಾಲುಗಟ್ಟುತ್ತವೆ. ಇಂಥ ಬಂಕಿನ ಮೇಲೆ ಕಂಪನಿಯ ಫೀಲ್ಡ್ ಆಫೀಸರ್‌ಗೆ ಇರುವ ಹಿಡಿತ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ ಒಂದು ಸಾಲು ಕೆಟ್ಟದಾಗಿ ಬರೆದರೆ ನೋಟಿಸ್. ಎಣ್ಣೆಯ ಡೆನ್ಸಿಟಿ (ಸಾಂದ್ರತೆ) ಇನ್‌ವಾಯ್ಸ್‌ನಲ್ಲಿ ಇರುವುದಕ್ಕಿಂತ ಮೂರು ಪಾಯಿಂಟ್‌ಗೂ ಹೆಚ್ಚು ಆಚೆಈಚೆ ಆದರೆ ಸೇಲ್ಸ್ ಬಂದ್. ಅಧಿಕಾರ ಇರುವುದು ಗ್ರಾಹಕನಿಗೆ ಮೋಸ ಆಗದಿರಲಿ ಅಂತ, ಅದು ಸರಿಯೇ. ಆದರೆ ಅದನ್ನೇ ಅಂಗಡಿ ಮಾಡಿಕೊಂಡವನು ಬಂದರೆ?

ನಮಗೆ ಬಂದವನು ಅಂಥವನೇ. ದಾವಣಗೆರೆಯ ಲಾಡ್ಜಿನಲ್ಲಿ ಕೂತು ಫೋನ್ ಮಾಡುತ್ತಿದ್ದ, ಇನ್‌ಸ್ಪೆಕ್ಷನ್ ಬುಕ್ ಕಳಿಸಿ ಅಂತ. ಹುಡುಗ ಬೈಕಿನಲ್ಲಿ ಬುಕ್ ತಗೊಂಡು ಹೋಗಬೇಕು. ಬರುವಾಗ ಅದರಲ್ಲಿ ಎಲ್ಲ ನಾಝಲ್‌ಗಳ ಡೆಲಿವರಿ ಓಕೆ, ಸೀಲ್ ಓಕೆ, ಡೆನ್ಸಿಟಿ ಓಕೆ, ಟಾಯ್ಲೆಟ್ ಸ್ವಚ್ಛ ಅಂತ ಸಹಿ ಆಗಿರುತ್ತಿತ್ತು. ಕವರಿನ ವ್ಯವಹಾರ ಸಾವ್ಕಾರ್ರು ಮತ್ತು ಅವನ ನಡುವೆ. ನಮ್ಮ ಎಣ್ಣೆ ಚೊಕ್ಕ, ಅಳತೆ ಚೊಕ್ಕ, ಆದರೂ ಕೊಡಬೇಕು. ಕೊಡದಿದ್ದ ಪಕ್ಕದ ಡೀಲರ್‌ಗೆ ಟಾಯ್ಲೆಟ್‌ನ ಬಲ್ಬ್ ಉರಿಯುತ್ತಿಲ್ಲ ಅಂತ ನೋಟಿಸ್ ಬಂದಿತ್ತು.

ಭ್ರಷ್ಟಾಚಾರದ ತನಿಖೆ ಮಾಡುವ ವಿಜಿಲೆನ್ಸ್‌ನವರು ಬಂದಿದ್ದು ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತಿಗೆ. ಬಾಡಿಗೆ ಕಾರು, ಇಬ್ಬರು. ಒಬ್ಬರಿಗೆ ಕನ್ನಡ ಬರುತ್ತಿತ್ತು, ಇನ್ನೊಬ್ಬರು ದೊಡ್ಡವರು, ಅವರಿಗೆ ಬರುತ್ತಿರಲಿಲ್ಲ. ನಾನು ಹೈಡ್ರೋಮೀಟರ್, ಜಾರ್, ಡಿಪ್ ರಾಡ್, ವಾಟರ್ ಪೇಸ್ಟ್ ಎಲ್ಲ ತಂದು ಟೇಬಲ್ ಮೇಲೆ ಇಟ್ಟೆ. ಸ್ಯಾಂಪಲ್ ತೆಗೀತಾರೆ, ಕಲಬೆರಕೆ ದೂರು ಯಾರೋ ಕೊಟ್ಟಿದ್ದಾರೆ ಅಂತಲೇ ನನ್ನ ಲೆಕ್ಕ. ಎರಡು ದಿನದ ಹಿಂದೆ ಒಬ್ಬ ಟ್ರ್ಯಾಕ್ಟರ್‌ನವನು ಗಲಾಟೆ ಮಾಡಿ ಹೋಗಿದ್ದ, ಅವನದೇ ಕೆಲಸ ಅಂದುಕೊಂಡೆ. ಅವರು ಹೈಡ್ರೋಮೀಟರ್ ಮುಟ್ಟಲೇ ಇಲ್ಲ. ಆಫೀಸ್ ರೂಮಿನ ಬಾಗಿಲು ಹಾಕಿ, "ಡಿಎಸ್‌ಆರ್ ಕೊಡ್ರಿ, ಇನ್‌ಸ್ಪೆಕ್ಷನ್ ಬುಕ್ ಕೊಡ್ರಿ" ಅಂದರು. ಎರಡನ್ನೂ ಪಕ್ಕಪಕ್ಕ ತೆರೆದಿಟ್ಟುಕೊಂಡರು.

ಅದೆಷ್ಟು ಹೊತ್ತೋ, ಯಾರೂ ಮಾತಾಡಲಿಲ್ಲ. ಹೊರಗೆ ಲಾರಿಯವರು ಹಾರ್ನ್ ಹೊಡೆಯುತ್ತಿದ್ದರು, ಶಿಫ್ಟ್ ಕ್ಯಾಶ್ ಎಣಿಸಿಕೊಡಲು ಹುಡುಗರು ಕಿಟಕಿ ಹತ್ತಿರ ನಿಂತಿದ್ದರು. ದೊಡ್ಡವರು ಪೆನ್ಸಿಲ್ಲಿನಿಂದ ಒಂದು ತಾರೀಖಿನ ಮೇಲೆ ಸಣ್ಣ ಚುಕ್ಕೆ ಇಟ್ಟರು. ಇನ್‌ಸ್ಪೆಕ್ಷನ್ ಬುಕ್ಕಿನಲ್ಲಿ ಅವತ್ತು ಬೆಳಿಗ್ಗೆ ಹನ್ನೊಂದೂವರೆಗೆ ಎಂಟೂ ನಾಝಲ್‌ಗಳನ್ನು ಐದು ಲೀಟರ್ ಮೆಜರ್‌ನಲ್ಲಿ ಚೆಕ್ ಮಾಡಲಾಗಿದೆ ಅಂತ ಫೀಲ್ಡ್ ಆಫೀಸರ್ ಸಹಿ. ನಾಲ್ಕು ಪೆಟ್ರೋಲ್, ನಾಲ್ಕು ಡೀಸೆಲ್. ಡಿಎಸ್‌ಆರ್‌ನ ಟೆಸ್ಟಿಂಗ್ ಕಾಲಂನಲ್ಲಿ ಅದೇ ತಾರೀಖಿಗೆ ನನ್ನ ಕೈಬರಹ: ಎಂಎಸ್ (ಪೆಟ್ರೋಲ್) 20, ಎಚ್‌ಎಸ್‌ಡಿ (ಡೀಸೆಲ್) 20. ಅದು ಬೆಳಿಗ್ಗೆ ಆರಕ್ಕೆ ನಾವು ಮಾಡಿದ ಟೆಸ್ಟಿಂಗ್. ಅವನು ನಿಜವಾಗಿ ಬಂದು ಚೆಕ್ ಮಾಡಿದ್ದರೆ ಅದು 40, 40 ಆಗಬೇಕಿತ್ತು. ಇನ್ನೂ ನಲವತ್ತು ಲೀಟರ್ ಮೀಟರಿನಲ್ಲಿ ಓಡಬೇಕಿತ್ತು. ಓಡಿರಲಿಲ್ಲ. ಟೋಟಲೈಸರ್, ಸೇಲ್ಸ್, ಬ್ಯಾಂಕಿಗೆ ಕಟ್ಟಿದ ಹಣ ಎಲ್ಲ ಒಂದಕ್ಕೊಂದು ತಾಳೆಯಾಗುತ್ತಿದ್ದವು. ತಾಳೆಯಾಗದೆ ಉಳಿದದ್ದು ಅವನ ಸಹಿ ಒಂದೇ.

ಕನ್ನಡ ಬರುವವರು ಕೇಳಿದರು, "ಮ್ಯಾನೇಜ್ರೇ, ಅವತ್ತು ಸಾಹೇಬ್ರು ಬಂದಿದ್ರಾ?"

ಅಷ್ಟರಲ್ಲಿ ಫೋನ್. ಸಾವ್ಕಾರ್ರು ದಾವಣಗೆರೆಯಲ್ಲಿ ಯಾರದೋ ಮದುವೆಯಲ್ಲಿದ್ದರು. "ಏನೂ ಹೇಳ್ಬೇಡಪ್ಪ, ನಾನ್ ಬರೋತನಕ ಸಹಿಗಿಹಿ ಹಾಕ್ಬೇಡ" ಅಂದರು. ಅವರ ಭಯ ನನಗೆ ಗೊತ್ತಾಗುತ್ತಿತ್ತು. ಕೊಟ್ಟವರೂ ತಪ್ಪಿತಸ್ಥರೇ ಅಲ್ವಾ? 2018ರಲ್ಲಿ ಭ್ರಷ್ಟಾಚಾರ ತಡೆ ಕಾನೂನಿಗೆ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ನೇರ ಅಪರಾಧ. ಒತ್ತಾಯಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಹೈವೇ ಪಕ್ಕದ ಎಷ್ಟು ಡೀಲರ್‌ಗಳಿಗೆ ಈ ಏಳು ದಿನದ ವಿಷಯ ಗೊತ್ತಿದೆ? ಕಂಪನಿಯ ಡೀಲರ್ ಮೀಟಿಂಗಿನಲ್ಲಿ ಲೂಬ್ರಿಕೆಂಟ್ ಟಾರ್ಗೆಟ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಇದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಾನು ಫೋನ್ ಇಟ್ಟು ಹೇಳಿದೆ, "ಸರ್, ಈ ಬುಕ್ಕಲ್ಲಿರೋದು ನನ್ನ ಕೈಬರಹ. ಅವತ್ತು ಟೆಸ್ಟಿಂಗ್ ನಡೆದಿದ್ದು ಬೆಳಿಗ್ಗೆ ಮಾತ್ರ. ಸಾಹೇಬ್ರು ಬಂಕಿಗೆ ಬಂದಿಲ್ಲ. ಬುಕ್ ದಾವಣಗೆರೆಗೆ ಹೋಗಿ ಬಂತು, ಶಿಫ್ಟ್ ಡೈರಿಯಲ್ಲಿ ಬರೆದಿದ್ದೀನಿ ನೋಡಿ." ಬುಕ್ ಒಯ್ದ ಹುಡುಗ ಎಷ್ಟೊತ್ತಿಗೆ ಹೋದ, ಎಷ್ಟೊತ್ತಿಗೆ ಬಂದ ಅಂತ ಡೈರಿಯಲ್ಲಿತ್ತು. ಪೆಟ್ರೋಲ್ ಅಲವೆನ್ಸ್ ಕೊಡಬೇಕಿತ್ತಲ್ಲ, ಅದಕ್ಕೆ ಬರೆದದ್ದು.

ಆಮೇಲೆ ಹೇಳಿಕೆ ಬರೆದುಕೊಂಡರು. ಇಂಗ್ಲಿಷಿನಲ್ಲಿ. ದೊಡ್ಡವರು ಹೇಳುತ್ತಾ ಹೋದರು, ಇನ್ನೊಬ್ಬರು ಬರೆದರು, ನನ್ನ ಮುಂದೆ ಇಟ್ಟು ಪೆನ್ ಕೊಟ್ಟರು. ಕನ್ನಡದಲ್ಲಿ ಬರೆಯಿರಿ, ಇಲ್ಲ ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿ, ಅಲ್ಲಿವರೆಗೆ ಸಹಿ ಹಾಕಲ್ಲ ಅಂದೆ. ಅವರಿಗೆ ಸಿಟ್ಟು ಬಂತು. "ನಿಮ್ ಒಳ್ಳೇದಕ್ಕೇ ಮಾಡ್ತಿರೋದು ಕಣ್ರೀ" ಅಂದರು. ಓದಿ ಹೇಳಿದಾಗ ಗೊತ್ತಾಯಿತು, "ಸಾಹೇಬರು ಯಾವತ್ತೂ ಬಂದಿಲ್ಲ" ಅಂತ ಬರೆದಿದ್ದರು. ಅವನು ಬಂದ ದಿನಗಳೂ ಇದ್ದವು. ಆ ದಿನಗಳಲ್ಲಿ ಟೆಸ್ಟಿಂಗ್ ಕಾಲಂ ದುಪ್ಪಟ್ಟು ಇದೆ. ಹೊಡೆದು ಹಾಕಿಸಿ, ಈ ತಾರೀಖು, ಈ ತಾರೀಖು ಅಂತ ಬರೆಸಿ, ಆಮೇಲೆ ಸಹಿ ಹಾಕಿದೆ. ಆ ಒಂದು ಪದ ಹಾಗೇ ಉಳಿದಿದ್ದರೆ ಅವನ ವಕೀಲ ಇಡೀ ಹೇಳಿಕೆಯನ್ನೇ ಕಸದ ಬುಟ್ಟಿಗೆ ಹಾಕುತ್ತಿದ್ದ. ಹೇಳಿಕೆಯ ಕಾಪಿ ಕೇಳಿದೆ, ಕೊಡಲು ಬರುವುದಿಲ್ಲ ಅಂದರು.

ಅವರು ಹೋದ ಮೇಲೆ ಶುರುವಾಯಿತು ನಮ್ಮ ಪಾಡು. ಇಂಡೆಂಟ್ (ಲೋಡಿಗೆ ಆರ್ಡರ್) ಹಾಕಿ, ದುಡ್ಡು ಕಟ್ಟಿ ಕೂತರೂ ಲೋಡ್ ಬರಲಿಲ್ಲ. ಕೇಳಿದರೆ ಸಿಸ್ಟಮ್ ಪ್ರಾಬ್ಲಂ, ಟಿಟಿ (ಟ್ಯಾಂಕರ್ ಲಾರಿ) ಇಲ್ಲ. ಸೀಸನ್ನಿನ ಮಧ್ಯೆ ಡೀಸೆಲ್ ಡ್ರೈ ಆಯಿತು. ನಾಝಲ್‌ಗೆ ಹಗ್ಗ ಕಟ್ಟಿ, ದಿನಾ ಬರುವ ಲಾರಿಯವರನ್ನು ಕೈ ಬೀಸಿ ಮುಂದಕ್ಕೆ ಕಳಿಸಿದೆವು. ಅದು ಬೇಕಂತ ಮಾಡಿದ್ದು ಅಂತ ಸಾಬೀತು ಮಾಡಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಅದಕ್ಕೆ ಮುಂಚೆ ಇನ್ಯಾವ ಸೀಸನ್ನಿನಲ್ಲೂ ಹಾಗಾಗಿರಲಿಲ್ಲ. ಆಮೇಲೆ ಆ ಆಫೀಸರ್‌ಗೆ ಟ್ರಾನ್ಸ್‌ಫರ್ ಆಯಿತು. ತನಿಖೆ ಏನಾಯಿತು, ಶಿಕ್ಷೆ ಆಯಿತಾ, ನಮಗೆ ಯಾರೂ ತಿಳಿಸಲಿಲ್ಲ. ಪ್ರತಿ ವರ್ಷ ಅಕ್ಟೋಬರ್ 31, ಸರ್ದಾರ್ ಪಟೇಲರ ಹುಟ್ಟುಹಬ್ಬದ ಸುಮಾರಿಗೆ ವಿಜಿಲೆನ್ಸ್ ಜಾಗೃತಿ ಸಪ್ತಾಹದ ಬ್ಯಾನರ್ ಬರುತ್ತದೆ. ಪ್ರತಿಜ್ಞೆ ಓದಿಸಿ ಫೋಟೋ ಕಳಿಸಿ ಅಂತ ವಾಟ್ಸಾಪ್ ಬರುತ್ತದೆ. ಸಾಕ್ಷಿ ಹೇಳಿದ ಬಂಕಿಗೆ ಒಂದು ಫೋನ್ ಬರಲಿಲ್ಲ.

ಇದಾದ ಮೇಲೆ ನಾನು ಬ್ರೆಜಿಲ್ಲಿನ ಪೆಟ್ರೋಬ್ರಾಸ್ ಹಗರಣದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದೂ ಸರ್ಕಾರಿ ಹಿಡಿತದ ತೈಲ ಕಂಪನಿ. 2014ರ ಮಾರ್ಚ್‌ನಲ್ಲಿ ಶುರುವಾದ ಆ ತನಿಖೆಗೆ ಎಳೆ ಸಿಕ್ಕಿದ್ದು ರಾಜಧಾನಿ ಬ್ರೆಸಿಲಿಯಾದ ಒಂದು ಪೆಟ್ರೋಲ್ ಬಂಕಿನಲ್ಲಿ! ಬಂಕಿನೊಳಗೆ ಹಣ ಬದಲಾಯಿಸುವ ಅಂಗಡಿ ಇತ್ತು, ಕಪ್ಪು ಹಣ ಅಲ್ಲಿ ಓಡಾಡುತ್ತಿತ್ತು. ಹಾಗೇ ಹೋಗುತ್ತಾ ಆಲ್ಬರ್ಟೊ ಯೂಸೆಫ್ ಎಂಬ ಹವಾಲಾ ವ್ಯಾಪಾರಿ ಸಿಕ್ಕಿಬಿದ್ದ. ಅವನು ಒಂದು ರೇಂಜ್ ರೋವರ್ ಕಾರು ಕೊಡಿಸಿದ್ದು ಯಾರಿಗೆ ಅಂತ ನೋಡಿದರೆ, ಪೆಟ್ರೋಬ್ರಾಸ್‌ನ ಮಾಜಿ ಡೈರೆಕ್ಟರ್ ಪಾಲೊ ರಾಬರ್ಟೊ ಕೋಸ್ಟಾಗೆ. ಕಂಟ್ರಾಕ್ಟರ್‌ಗಳು ಒಳಗೊಳಗೇ ಕೂಟ ಕಟ್ಟಿಕೊಂಡು ಟೆಂಡರ್ ಹಂಚಿಕೊಳ್ಳುತ್ತಿದ್ದರು, ಕೆಲಸದ ಮೊತ್ತದಲ್ಲಿ ಶೇಕಡಾ 3ರವರೆಗೆ ಅಧಿಕಾರಿಗಳಿಗೂ ಪಕ್ಷಗಳಿಗೂ ಹೋಗುತ್ತಿತ್ತು. ಪೆಡ್ರೊ ಬರುಸ್ಕೊ ಎಂಬ ಒಬ್ಬ ಮ್ಯಾನೇಜರ್ ಒಪ್ಪಿಕೊಂಡು ವಾಪಸ್ ಮಾಡಲು ಸಿದ್ಧನಾದ ದುಡ್ಡೇ ಸುಮಾರು 10 ಕೋಟಿ ಡಾಲರ್. 2015ರ ಏಪ್ರಿಲ್‌ನಲ್ಲಿ ಕಂಪನಿ ತನ್ನ ಲೆಕ್ಕಪುಸ್ತಕದಲ್ಲೇ ಭ್ರಷ್ಟಾಚಾರದ ನಷ್ಟ ಅಂತ 620 ಕೋಟಿ ರಿಯಾಲ್ ಬರೆದು ತೋರಿಸಬೇಕಾಯಿತು. ಅಮೆರಿಕದ ಹೂಡಿಕೆದಾರರ ಕೇಸಿಗೆ 2018ರಲ್ಲಿ 295 ಕೋಟಿ ಡಾಲರ್‌ಗೆ ರಾಜಿಯಾಯಿತು.

ನನಗೆ ಅದಕ್ಕಿಂತ ಜಾಸ್ತಿ ನೋವಾಗಿದ್ದು ಕೊನೆಯ ಭಾಗ ಓದಿ. ಆ ಕೇಸುಗಳ ನ್ಯಾಯಾಧೀಶ ಸೆರ್ಜಿಯೊ ಮೊರೊ ಮತ್ತು ಸರ್ಕಾರಿ ವಕೀಲರು ಒಳಗೊಳಗೇ ಮಾತಾಡಿಕೊಳ್ಳುತ್ತಿದ್ದ ಮೆಸೇಜುಗಳು 2019ರಲ್ಲಿ ಹೊರಬಂದವು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆಗ ಮಾಜಿ ಅಧ್ಯಕ್ಷರಾಗಿದ್ದ ಲೂಲಾ ಅವರ ಮೇಲಿನ ಶಿಕ್ಷೆಗಳನ್ನು ರದ್ದು ಮಾಡಿ, ಮೊರೊ ಪಕ್ಷಪಾತ ಮಾಡಿದ್ದಾರೆ ಅಂತ ಹೇಳಿತು. ತನಿಖಾ ತಂಡವೂ ಅದೇ ವರ್ಷ ಮುಚ್ಚಿತು. ದುಡ್ಡು ಹೊಡೆದದ್ದು ಸುಳ್ಳಲ್ಲ, ಕೆಲವರು ಅವರಾಗೇ ಒಪ್ಪಿಕೊಂಡಿದ್ದಾರೆ. ಆದರೂ ತನಿಖೆ ಮಾಡಿದವರು ದಾರಿ ತಪ್ಪಿದ್ದರಿಂದ ಜನರಿಗೆ ಇಡೀ ತನಿಖೆಯ ಮೇಲೇ ಅನುಮಾನ ಬಂತು. ಇಂಗ್ಲಿಷಿನಲ್ಲಿ ಬರೆದ ಹೇಳಿಕೆಗೆ "ಯಾವತ್ತೂ" ಅಂತ ಸೇರಿಸಿ ಪೆನ್ ಕೊಟ್ಟವರನ್ನು ನಾನು ಅದಕ್ಕೇ ಇನ್ನೂ ಮರೆತಿಲ್ಲ. ಕಳ್ಳನನ್ನು ಹಿಡಿಯುವವರ ಬುಕ್ಕೂ ನಮ್ಮ ಡಿಎಸ್‌ಆರ್‌ನಷ್ಟೇ ಚೊಕ್ಕ ಇರಬೇಕು.

ಎಲ್ಲ ಫೀಲ್ಡ್ ಆಫೀಸರ್‌ಗಳೂ ಹಾಗೆ ಅಂತ ನಾನು ಯಾವತ್ತೂ ಹೇಳಲಾರೆ. ನಮ್ಮ ಕೋಲಾರ ಕೆಜಿಎಫ್‌ನಲ್ಲಿ ಬೆಳೆದ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್‌ನ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖಿಂಪುರ ಖೇರಿಗೆ ಹೋದರು. ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಸೀಲ್ ಹಾಕಿದರು. ಅದು ಮತ್ತೆ ತೆರೆದ ಮೇಲೆ ಬಿಡದೆ ಇನ್ನೊಮ್ಮೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2015ರಲ್ಲಿ. ಅವರು ಲಾಡ್ಜಿನಲ್ಲಿ ಕೂತು ಬುಕ್ ತರಿಸಿಕೊಂಡು ಸಹಿ ಹಾಕಬಹುದಿತ್ತು. ಹಾಕಲಿಲ್ಲ. ನಮ್ಮ ಬಂಕಿಗೆ ಹೊಸ ಆಫೀಸರ್ ಬಂದಾಗಲೆಲ್ಲ ಮಾತಿನ ನಡುವೆ ನಾನು ಅವರ ಹೆಸರು ತೆಗೆಯುತ್ತೇನೆ. ಗೊತ್ತಿದೆ ಅನ್ನುವವರು ಕಡಿಮೆ.

ಬಂಕಿನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಮೂಗರ್ಜಿ ಬರೆಯಬೇಡಿ. ಹೆಸರಿಲ್ಲದ ಅರ್ಜಿಯನ್ನು ಕೇಂದ್ರ ವಿಚಕ್ಷಣಾ ಆಯೋಗ ತನಿಖೆಗೆ ತಗೊಳ್ಳುವುದಿಲ್ಲ. ಹೆಸರು ಗುಟ್ಟಾಗಿ ಇಡುವ ದಾರಿ ಬೇರೆ ಇದೆ, ಅದನ್ನು ಪಿಐಡಿಪಿಐ ಅನ್ನುತ್ತಾರೆ. ದೂರನ್ನು ಮುಚ್ಚಿದ ಲಕೋಟೆಯಲ್ಲಿ ಆಯೋಗದ ಕಾರ್ಯದರ್ಶಿಗೆ ಕಳಿಸಬೇಕು. ಲಕೋಟೆ ಮೇಲೆ ಪಿಐಡಿಪಿಐ ದೂರು ಅಂತ ಬರೆಯಬೇಕು, ನಿಮ್ಮ ಹೆಸರು ವಿಳಾಸ ಒಳಗೆ ಮಾತ್ರ ಇರಬೇಕು. ಇದು ಬಂದದ್ದು 2004ರಲ್ಲಿ, ಹೆದ್ದಾರಿ ಎಂಜಿನಿಯರ್ ಸತ್ಯೇಂದ್ರ ದುಬೆ ಕೊಲೆಯಾದ ಮೇಲೆ. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡು ಅವರು ಪ್ರಧಾನಿ ಕಚೇರಿಗೆ ಬರೆದಿದ್ದರು, ಹೆಸರು ಹೊರಬಿತ್ತು. ದೂರು ಕೊಟ್ಟವರನ್ನು ಕಾಪಾಡುವ ಪೂರ್ತಿ ಕಾನೂನು 2014ರಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಪಾಸಾದದ್ದಷ್ಟೇ, ಜಾರಿಗೆ ತರಲಿಲ್ಲ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಆ ಕಾನೂನು ಜಾರಿಯಾಗಲಿ. ಹೇಳಿಕೆ ತಗೊಂಡರೆ ಕನ್ನಡದಲ್ಲಿ ತಗೊಳ್ಳಲಿ, ಒಂದು ಕಾಪಿ ಕೊಡಲಿ. ಸಾಕ್ಷಿ ಹೇಳಿದ ಬಂಕಿನ ಇಂಡೆಂಟ್ ಮೇಲೆ ಒಂದು ವರ್ಷವಾದರೂ ವಿಜಿಲೆನ್ಸ್‌ನವರೇ ಕಣ್ಣಿಡಲಿ, ಲೋಡ್ ತಡವಾದರೆ ಯಾಕೆ ಅಂತ ಅವರೇ ಕೇಳಲಿ. ಈಗ ಎಲ್ಲ ಆಟೋಮೇಷನ್ ಆಗಿದೆ, ಟ್ಯಾಂಕಿನಲ್ಲಿ ಎಷ್ಟು ಎಣ್ಣೆ ಇದೆ ಅನ್ನುವ ಡಿಪ್ ಕೂಡ ಸ್ಕ್ರೀನಿನಲ್ಲೇ ಬರುತ್ತದೆ. ಯಾವ ಬಂಕ್ ಯಾವತ್ತು ಡ್ರೈ ಆಯಿತು ಅಂತ ಕಂಪನಿಯ ಕಂಪ್ಯೂಟರಿಗೆ ಗೊತ್ತು. ವಿಜಿಲೆನ್ಸ್‌ನವರು ಅದನ್ನು ತೆಗೆದು ನೋಡಬೇಕು, ಅಷ್ಟೇ.