ಒಂದು ವಾರ ತಡಿ ಅನ್ನೋರು ಬೇಕು

ಆಗಸ್ಟ್ ರಜೆಗೆ ಊರಿಗೆ ಬಂದಾಗ ಅಕ್ಕನ ಮಗಳ ಕ್ಲಾಸಿನಲ್ಲಿ ಒಂದು ದಿನ ಕೂತಿದ್ದೆ. ಲಿಂಗಸುಗೂರು ಹತ್ತಿರದ ಸರ್ಕಾರಿ ಹೈಸ್ಕೂಲು. ಅವಳು ಅಲ್ಲಿ ಟೀಚರ್ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಒಂಬತ್ತನೇ ತರಗತಿ, ಜೀವಕೋಶದ ಪಾಠ. ನಾನು ಹೇಳಿಕೊಟ್ಟ ಹಾಗೆ ಪುಸ್ತಕ ಮುಚ್ಚಿಸಿ, "ನಿನ್ನೆ ಕಲಿತದ್ದು ನೆನಪಿದ್ದಷ್ಟು ಬರೀರಿ" ಅಂದಳು. ಅರ್ಧಕ್ಕರ್ಧ ಹಾಳೆ ಖಾಲಿ ಬಂದವು.

ಸಂಜೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. "ಮಾಮಾ, ನೀವು ಹೇಳಿದ್ದು ನಮ್ ಹುಡುಗರಿಗೆ ಆಗಂಗಿಲ್ರಿ. ಮೊದಲಿನಂಗ ಎರಡು ಸಲ ಓದಸ್ತೀನಿ."

ಇದೇ ಮಾತನ್ನು ಬರ್ಮಿಂಗ್‌ಹ್ಯಾಮ್‌ನಲ್ಲೂ ಕೇಳುತ್ತಿರುತ್ತೇನೆ. ಹೊಸ ಶಿಕ್ಷಕರ ಜೊತೆ ಕೂರುವುದು ಅಲ್ಲಿ ನನ್ನ ಕೆಲಸದ ಒಂದು ಭಾಗ. ಇಂಗ್ಲೆಂಡಿನಲ್ಲಿ 2021ರಿಂದ ಹೊಸಬರಿಗೆ ಎರಡು ವರ್ಷ ಇಂಥ ಆಸರೆ ಇದೆ. ಮೊದಲ ವರ್ಷ ಪಾಠದ ಹೊರೆ ಶೇ 10, ಎರಡನೇ ವರ್ಷ ಶೇ 5 ಕಡಿಮೆ. ಕಲಿಕೆ ಬಗ್ಗೆ ಸಂಶೋಧನೆಯಲ್ಲಿ ತಿಳಿದದ್ದನ್ನು ನಾಳೆಯ ಪಾಠಕ್ಕೆ ಹೇಗೆ ತರೋದು ಅಂತ ಹಿರಿಯ ಶಿಕ್ಷಕರೊಬ್ಬರು ಜೊತೆಗಿದ್ದು ನೋಡುತ್ತಾರೆ.

ಆ ರಾತ್ರಿ ಅವಳಿಗೆ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಹೇಳಿದೆ. ಕಾಲೇಜು ಹುಡುಗರಿಗೆ ಒಂದು ಬರಹವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಮ್ಮೆ ಓದಿಸಿ, ಆಮೇಲೆ ನೋಡದೆ ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಜಾಸ್ತಿ ನೆನಪಿತ್ತು, ಶೇ 81. ಬರೆದದ್ದು ಶೇ 75. ವಾರ ಬಿಟ್ಟು ಕೇಳಿದರೆ ಎಲ್ಲಾ ತಿರುಗುಮುರುಗು. ಬರೆದದ್ದು ಶೇ 56 ಉಳಿದಿತ್ತು, ಓದಿದ್ದು ಶೇ 42.

ಮೊದಲ ದಿನವೇ ತೀರ್ಮಾನ ಮಾಡಿದರೆ ಒಳ್ಳೆಯ ದಾರಿಯೇ ಸೋತ ಹಾಗೆ ಕಾಣುತ್ತದೆ, ಅಲ್ವಾ? ಹೊಸ ಟೀಚರು ಕೈಬಿಡುವುದು ಇಲ್ಲೇ. ಒಂದು ವಾರ ತಡಿ ಅನ್ನಲು ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಒಂದು ದಿನ ತರಬೇತಿಗೆ ಕರೆಸಿ ಕೂರಿಸಿದರೆ ಇದು ಆಗುವ ಕೆಲಸ ಅಲ್ಲ.

ಆದರೆ ಅವರು ಕಾಲೇಜು ಹುಡುಗರು. ಇಲ್ಲಿ 54 ಮಕ್ಕಳ ಕ್ಲಾಸು. ಅದಕ್ಕೇ ಇಬ್ಬರೂ ಕೂತು ಸ್ವಲ್ಪ ಬದಲಾಯಿಸಿದೆವು. ಅಂಕ ಬೇಡ. ಖಾಲಿ ಹಾಳೆಯ ಬದಲು, ಬೋರ್ಡಿನ ಮೇಲೆ ಭಾಗಗಳ ಹೆಸರಿಲ್ಲದ ಜೀವಕೋಶದ ಚಿತ್ರ. ಎರಡು ನಿಮಿಷ ಒಬ್ಬೊಬ್ಬರೇ, ಆಮೇಲೆ ಪಕ್ಕದವರ ಜೊತೆ. ಕೊನೆಗೆ ಪುಸ್ತಕ ತೆಗೆದು ತಮ್ಮ ತಪ್ಪು ತಾವೇ ತಿದ್ದಬೇಕು. ಇದನ್ನು ಬಿಟ್ಟರೆ ತಪ್ಪೇ ನೆನಪಲ್ಲಿ ಉಳಿದುಬಿಡುತ್ತದೆ.

ಈಗ ಪ್ರತಿ ಶನಿವಾರ ಫೋನಿನಲ್ಲಿ ಮಾತಾಡುತ್ತೇವೆ. ಮೂರನೇ ವಾರ ವಾಟ್ಸಾಪಿನಲ್ಲಿ ಒಂದು ಹಾಳೆಯ ಫೋಟೋ ಕಳಿಸಿದಳು. ಕೋಶಭಿತ್ತಿ, ಕೋಶಕೇಂದ್ರ ಸರಿ ಇದ್ದವು. ಕೋಶಪೊರೆಯ ಜಾಗದಲ್ಲಿ ಬೇರೇನೋ ಬರೆದು, ಹೊಡೆದು, ಪಕ್ಕದಲ್ಲಿ ಸರಿ ಹೆಸರು ಬರೆದಿತ್ತು. ಮೊದಲ ದಿನ ಖಾಲಿ ಹಾಳೆ ಕೊಟ್ಟಿದ್ದ ಹುಡುಗಿಯದಂತೆ ಅದು.