ಕಿಕ್ ಹಗುರಾಗಿದ್ದೇ ಸುಳಿವು

"ಈಗೀಗ ಕಿಕ್ ಹೊಡೆಯೋದು ಸಲೀಸಾಗಿದೆ ಕಣೋ" ಅಂತ ಅಪ್ಪ ಹೇಳಿದಾಗ ನನಗೆ ಖುಷಿಯೇ ಆಗಿತ್ತು. ಅವರಿಗೆ ಎಪ್ಪತ್ತು ದಾಟಿದೆ. ನಮ್ಮ ಬುಲೆಟ್ 350, 1984ರ ಗಾಡಿ. ಎರಕದ ಕಬ್ಬಿಣದ ಎಂಜಿನ್, ಬಲಗಾಲಿನ ಗೇರ್. ಕರೆಂಟ್ ತೋರಿಸೋ ಆಂಪ್ ಮೀಟರಿನ ಮುಳ್ಳು ನಡುವಿಗೆ ಬರೋ ತನಕ ಕಿಕ್ ಮೆಲ್ಲಗೆ ಒತ್ತಿ, ಡಿಕಂಪ್ರೆಸರ್ (ಎಂಜಿನ್ನಿನೊಳಗಿನ ಒತ್ತಡ ಬಿಡಿಸೋ ಪುಟ್ಟ ಹಿಡಿ) ಹಿಡಿದು ಒಂದಿಷ್ಟು ದಾಟಿಸಿ, ಆಮೇಲೆ ಪೂರ್ತಿ ಭಾರ ಹಾಕಿ ಹೊಡೀಬೇಕು. ಅಷ್ಟು ಗಟ್ಟಿಯಾದ ಕಿಕ್ ಹಗುರಾಯ್ತು ಅಂದ್ರೆ ಒಳ್ಳೇದೇ ಅಲ್ವಾ ಅಂದುಕೊಂಡೆ. ಗಾಡಿ ಆವಾಗಲೇ ತನ್ನ ಕಾಯಿಲೆ ಹೇಳಿತ್ತು. ನಮಗೆ ಕೇಳಿಸಲಿಲ್ಲ.

ಅದು ಗೊತ್ತಾಗಿದ್ದು ಚಾರ್ಮಾಡಿ ಘಾಟಿಯಲ್ಲಿ. ಉಜಿರೆಯಿಂದ ಮೂಡಿಗೆರೆಗೆ ವಾಪಸ್ ಬರ್ತಿದ್ದೆ. ಏರು ಶುರುವಾಗಿ ಕೆಲವು ತಿರುವು ಆದ ಮೇಲೆ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದೆ. ಎಂಜಿನ್ ಶಬ್ದ ಏರಿತು, ಗಾಡಿ ಏರಲಿಲ್ಲ. ಡಗ್ ಡಗ್ ಅನ್ನೋ ಸದ್ದು ಒಂದು ಕಡೆ, ಹಿಂದಿನ ಚಕ್ರ ಇನ್ನೊಂದು ಕಡೆ. ಎರಡಕ್ಕೂ ಸಂಬಂಧವೇ ಇಲ್ಲದ ಹಾಗೆ. ಅಣ್ಣಪ್ಪನ ಗುಡಿ ಹತ್ತಿರ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಟ್ಟೆ. ಒಂದನೇ, ಎರಡನೇ ಗೇರಿನಲ್ಲೇ ಹೇಗೋ ಕೊಟ್ಟಿಗೆಹಾರ ಮುಟ್ಟಿದೆ. ಅವತ್ತು ನೀರುದೋಸೆ ತಿನ್ನೋ ಮನಸ್ಸೂ ಇರಲಿಲ್ಲ.

ಕ್ಲಚ್ ಜಾರ್ತಿದೆ, ಅಂದ್ರೆ ಎಂಜಿನ್ನಿನ ಶಕ್ತಿ ದಾಟಿಸೋ ಅದರ ಪ್ಲೇಟುಗಳು ಒಂದಕ್ಕೊಂದು ಗಟ್ಟಿಯಾಗಿ ಹಿಡೀತಿಲ್ಲ ಅಂತ ನನಗೂ ಗೊತ್ತಾಯ್ತು. ಹತ್ತಿರದ ಒಂದು ಗ್ಯಾರೇಜಿಗೆ ಕೊಟ್ಟೆ. ಹೊಸ ಕ್ಲಚ್ ಪ್ಲೇಟ್ ಹಾಕಿ, "ಒಳ್ಳೆ ಕಾರ್ ಆಯಿಲ್ಲೇ ಹಾಕಿದೀನಿ ಸಾರ್" ಅಂದರು. ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಮತ್ತೆ ಅದೇ ಕಥೆ. ಸ್ಪ್ರಿಂಗ್ ಬಿಗಿ ಮಾಡಿದರು. ಕ್ಲಚ್ ಹಿಡಿ ಕಲ್ಲಿನ ಹಾಗಾಯ್ತು, ಜಾರೋದು ನಿಲ್ಲಲಿಲ್ಲ.

ಆಮೇಲೆ ಚಿಕ್ಕಮಗಳೂರಿನ ಒಬ್ಬ ಹಳೇ ಮೇಸ್ತ್ರಿ ಹತ್ತಿರ ಹೋದೆ. ಜಾವಾ, ಯೆಜ್ಡಿಗಳು ಮೈಸೂರಿನ ಕಾರ್ಖಾನೆಯಿಂದ ಬರ್ತಿದ್ದ ಕಾಲದಿಂದಲೂ ಸ್ಪ್ಯಾನರ್ ಹಿಡಿದವರು. ನಾನು ಹೊಸ ಪ್ಲೇಟ್, ಬಿಗಿ ಮಾಡಿದ ಸ್ಪ್ರಿಂಗ್ ಅಂತ ಪಟ್ಟಿ ಹೇಳೋಕೆ ಹೊರಟೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಏನು ಹಾಕಿದ್ರು ಅಂತ ಆಮೇಲೆ ಹೇಳು ತಮ್ಮಾ. ಎಂಜಿನ್ನಿನ ಶಕ್ತಿ ಚಕ್ರದ ತನಕ ಹೋಗ್ಬೇಕು. ದಾರೀಲಿ ಎಲ್ಲಿ ಕಳೆದುಹೋಯ್ತು, ಮೊದಲು ಅದನ್ನ ನೋಡಣ."

ದಾರಿ ಅಂದ್ರೆ ಇಷ್ಟೇ. ಎಂಜಿನ್ನಿನಿಂದ ಪ್ರೈಮರಿ ಚೈನ್, ಅಲ್ಲಿಂದ ಕ್ಲಚ್, ಆಮೇಲೆ ಗೇರ್ ಬಾಕ್ಸ್, ಹಿಂದಿನ ಚೈನ್, ಕೊನೆಗೆ ಚಕ್ರದೊಳಗಿನ ರಬ್ಬರ್. ಬುಲೆಟ್ಟಿನಲ್ಲಿ ಕಿಕ್ ಕೂಡ ಇದೇ ದಾರಿಯಲ್ಲಿ ಉಲ್ಟಾ ಹೋಗುತ್ತೆ. ಕಿಕ್ ಹೊಡೆದರೆ ಗೇರ್ ಬಾಕ್ಸ್ ಮೂಲಕ, ಕ್ಲಚ್ ದಾಟಿ, ಎಂಜಿನ್ ತಿರುಗಬೇಕು. ಬೆಳಿಗ್ಗೆ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಕ್ಲಚ್ ಹಿಡಿದು ಎರಡು ಸಲ ಕಿಕ್ ಹೊಡೆದು ಬಿಡಿಸ್ತೀವಲ್ಲ, ಅದು ಸಾಧ್ಯವಾಗೋದೂ ಇದರಿಂದಲೇ.

ಮೇಸ್ತ್ರಿ ಎಡಗಡೆಯ ಪ್ರೈಮರಿ ಕೇಸಿನ ಸಣ್ಣ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟರು. "ಇಲ್ಲಿ ಚೈನ್ ನೋಡ್ತಿರು" ಅಂದು ತಾವು ಕಿಕ್ ಮೇಲೆ ನಿಂತರು. ಕಂಪ್ರೆಷನ್, ಅಂದ್ರೆ ಎಂಜಿನ್ನಿನೊಳಗಿನ ಒತ್ತಡ, ಚೆನ್ನಾಗಿರೋ ಬುಲೆಟ್ಟಿನ ಕಿಕ್ ಒಬ್ಬ ಮನುಷ್ಯನ ಭಾರ ತಡೆದುಕೊಂಡು ನಿಲ್ಲುತ್ತೆ. ಇಲ್ಲಿ ಮೆಲ್ಲಗೆ ಕೆಳಗಿಳೀತು. ಎಂಜಿನ್ನಿನೊಳಗಿನ ರಿಂಗ್, ವಾಲ್ವ್ ಸವೆದಿದ್ದರೂ ಕಿಕ್ ಹೀಗೇ ಇಳಿಯುತ್ತೆ, ಆದರೆ ಆಗ ಚೈನ್ ಕೂಡ ಓಡಬೇಕು. ನಾನು ನೋಡ್ತಾನೇ ಇದ್ದೆ. ಟಾರ್ಚಿನ ಬೆಳಕಲ್ಲಿ ಹೊಳೀತಿದ್ದ ಆ ಜೋಡಿಸಾಲಿನ ಚೈನಿನ ಒಂದು ಕೊಂಡಿಯೂ ಅಲ್ಲಾಡಲಿಲ್ಲ. ಕಾಲಿನ ಒತ್ತು ಎಂಜಿನ್ ಮುಟ್ಟೋ ಮೊದಲೇ ಕ್ಲಚ್ಚಿನಲ್ಲಿ ಜಾರಿಹೋಗ್ತಿತ್ತು.

ಅಪ್ಪನ ಮಾತು ನೆನಪಾಗಿದ್ದು ಆವಾಗ. ಕಿಕ್ ಸಲೀಸಾಗಿದೆ ಕಣೋ.

ಮೇಸ್ತ್ರಿ ನೇರವಾಗಿ ಕೇಸ್ ಬಿಚ್ಚಲಿಲ್ಲ. ಬಲಕ್ಕೆ ಬಂದು ಗೇರ್ ಬಾಕ್ಸಿನ ಮುಂದಿನ ಪುಟ್ಟ ಮುಚ್ಚಳ ತೆಗೆದರು. ಹ್ಯಾಂಡಲ್ ಹತ್ತಿರ ಕ್ಲಚ್ ಹಿಡಿ ಒಂದೆರಡು ಮಿಲಿಮೀಟರ್ ಸುಮ್ನೆ ಆಡ್ತಿತ್ತು, ಸರಿಯಾಗೇ ಇದೆ ಅಂತ ನಾನು ನಂಬಿದ್ದೆ. ಅವರು ಎರಡು ಬೆರಳಲ್ಲಿ ಕ್ಲಚ್ ಕೇಬಲ್ ಎಳೆಯೋ ಒಳಗಿನ ಆರ್ಮ್ ಹಿಡಿದು ಅಲ್ಲಾಡಿಸಿದರು. ಅದು ಜಪ್ಪಯ್ಯ ಅನ್ನಲಿಲ್ಲ.

"ಮೇಲೆ ಆಡೋದು ಕೇಬಲ್ ಕಣಪ್ಪ. ಕ್ಲಚ್ ಆಡ್ತಿಲ್ಲ. ರಾಡು ಯಾವಾಗ್ಲೂ ಒತ್ಕೊಂಡೇ ಇದೆ."

ಗೇರ್ ಬಾಕ್ಸಿನ ಶಾಫ್ಟ್ ಒಳಗೆ ಒಂದು ಉದ್ದನೆ ರಾಡ್ ಇರುತ್ತೆ. ಕ್ಲಚ್ ಹಿಡಿದಾಗ ಮಾತ್ರ ಅದು ಪ್ಲೇಟುಗಳನ್ನು ಬಿಡಿಸಬೇಕು. ಒಳಗಿನ ಸ್ಕ್ರೂ ಜಾಸ್ತಿ ಬಿಗಿಯಾದರೆ ಹಿಡಿ ಬಿಟ್ಟಾಗಲೂ ರಾಡ್ ಒತ್ತುತ್ತಲೇ ಇರುತ್ತೆ. ಸ್ಪ್ರಿಂಗ್ ಎಷ್ಟು ಬಿಗಿ ಮಾಡಿದರೂ ಪ್ಲೇಟ್ ಪೂರ್ತಿ ಕೂರೋದಿಲ್ಲ. ಮೇಸ್ತ್ರಿ ಲಾಕ್ ನಟ್ ಸಡಿಲಿಸಿ, ಸ್ಕ್ರೂ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಲಾಕ್ ಮಾಡಿದರು. ಮತ್ತೆ ಕಿಕ್. ಈ ಸಲ ಚೈನ್ ಓಡಿತು. ಜೋರಾಗಿ ಹೊಡೆದಾಗ ಮಾತ್ರ ನಡುವೆ ಒಂದು ಸಲ ಜಾರಿತು.

"ಅರ್ಧ ಸಿಕ್ತು" ಅಂದರು.

ಎಡ ಫುಟ್ ರೆಸ್ಟು, ಬ್ರೇಕ್ ಪೆಡಲು ಬಿಚ್ಚಿ, ಕೆಳಗೆ ಒಂದು ಟ್ರೇ ಇಟ್ಟು, ನಡುವಿನ ಒಂದೇ ದೊಡ್ಡ ನಟ್ ತೆಗೆದರು. ಕೇಸ್ ಬಿಟ್ಟುಕೊಂಡಿತು, ಆಯಿಲ್ ಸುರೀತು. ಅದರಲ್ಲಿ ಸುಟ್ಟ ವಾಸನೆ. ಕಾರಿನ ಕ್ಲಚ್ ಎಂಜಿನ್ ಆಯಿಲಲ್ಲಿ ಮುಳುಗಿರಲ್ಲ. ಹಾಗಾಗಿ ಈಗಿನ ಎಷ್ಟೋ ಕಾರ್ ಆಯಿಲುಗಳಿಗೆ ಜಾರಿಕೆ ಹೆಚ್ಚಿಸೋ ಮದ್ದು ಬೆರೆಸಿರ್ತಾರೆ. ಬುಲೆಟ್ಟಿನ ಕ್ಲಚ್ ಇರೋದೇ ಆಯಿಲಿನೊಳಗೆ. ಬೈಕಿನ ಆಯಿಲ್ ಡಬ್ಬದ ಮೇಲೆ ಜಾಸೋ ಎಂಎ ಅಂತ ಗುರುತು ಇರುತ್ತಲ್ಲ, ಅದು ಇಂಥ ಕ್ಲಚ್ಚಿಗೆ ಸರಿ ಅನ್ನೋದರ ಗುರುತು. ನಾನು ಅದುವರೆಗೆ ಅದನ್ನು ಓದಿಯೇ ಇರಲಿಲ್ಲ.

ಹೊಸ ಪ್ಲೇಟುಗಳು ಚೆನ್ನಾಗೇ ಇದ್ದವು. ಪೆಟ್ರೋಲಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿದರು. ನಡುವೆ ಬರೋ ಸ್ಟೀಲ್ ಪ್ಲೇಟುಗಳನ್ನು ಗ್ಯಾರೇಜಿನವರು ಬದಲಾಯಿಸಿರಲಿಲ್ಲ. ಮೇಸ್ತ್ರಿ ಒಡೆದ ಕಿಟಕಿಯ ಒಂದು ಗಾಜಿನ ತುಂಡು ತಂದು ಅದರ ಮೇಲೆ ಒಂದೊಂದನ್ನೇ ಇಟ್ಟರು. ಮೂರನೆಯದು ಗಾಜಿನ ಮೇಲೆ ಟಕ್ ಟಕ್ ಅಂತ ಕುಣೀತು. ಅದರ ಒಂದು ಪಕ್ಕ ನವಿಲಿನ ಕುತ್ತಿಗೆ ಹಾಗೆ ನೀಲಿ ತಿರುಗಿತ್ತು, ಬಿಸಿಗೆ ಸೊಟ್ಟಗಾಗಿದೆ. ನನ್ನ ಕೈಲಿದ್ದ ಬಿಲ್ಲಿನ ಕಾಗದ ಅದರ ಕೆಳಗೆ ಸಲೀಸಾಗಿ ನುಗ್ಗಿತು. ಆ ಒಂದು ತೆಳು ತಗಡು ನನ್ನನ್ನು ಘಾಟಿಯಲ್ಲಿ ನಿಲ್ಲಿಸಿತ್ತು ಅಂದ್ರೆ ನಂಬೋಕೇ ಕಷ್ಟವಾಯ್ತು.

ಸ್ಟೀಲ್ ಪ್ಲೇಟುಗಳ ಹೊಸ ಸೆಟ್ ಹಾಕಿ, ಸ್ಪ್ರಿಂಗಿನ ಬಿಗಿ ಮೊದಲಿನಷ್ಟಕ್ಕೆ ತಂದು, ಸರಿಯಾದ ಆಯಿಲ್ ಸುಮಾರು 420 ಮಿಲಿ ಹಾಕಿ ಮುಚ್ಚಿದರು. ಒಂದು ರೌಂಡ್ ಹೊಡೆದು ಬಂದೆ. ಜಾರೋದು ನಿಂತಿತ್ತು. ಆದರೆ ಆಕ್ಸಿಲರೇಟರ್ ಬಿಟ್ಟು ಹಿಡಿದಾಗಲೆಲ್ಲ ಹಿಂದಿನಿಂದ ಟಕ್ ಅಂತ ಒಂದು ಏಟು. ಕ್ಲಚ್ ಜಾರ್ತಿದ್ದಾಗ ಈ ಸದ್ದು ಮುಚ್ಚಿಹೋಗಿತ್ತು.

ಮೇಸ್ತ್ರಿಗೆ ಬೇಜಾರೇ ಆಗಲಿಲ್ಲ. ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರಿಗೆ ಬಿಟ್ಟು, ಹಿಂದಿನ ಚಕ್ರ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರು. "ಚೈನ್ ಸಡಿಲ ಆಗಿದ್ರೆ ಹಲ್ಲಿನ ಚಕ್ರಾನೂ ಜೊತೆಗೆ ಆಡುತ್ತೆ, ನೋಡು." ಬಗ್ಗಿ ನೋಡಿದೆ. ಚೈನ್ ಬಿಗಿ ಹಿಡಿದು ಹಲ್ಲಿನ ಚಕ್ರ ನಿಂತೇ ಇತ್ತು, ಗಾಲಿ ಮಾತ್ರ ಆಡ್ತಿತ್ತು. ಎರಡರ ಮಧ್ಯೆ ಇರೋದು ರಬ್ಬರ್ ತುಂಡುಗಳು. ತೆಗೆದಾಗ ಅವು ಹಳೇ ಹುಣಸೆಹಣ್ಣಿನ ಹಾಗೆ ಕುಗ್ಗಿ ಕಪ್ಪಾಗಿದ್ದವು. ಹೊಸದಕ್ಕೆ ಸೋಪಿನ ನೀರು ಸವರಿ ಒತ್ತಿ ಕೂರಿಸಿದರು. ಕೈಕೂಲಿ ಎಷ್ಟು ಅಂತ ಕೇಳಿದರೆ, ನಾನು ಮೊದಲ ಗ್ಯಾರೇಜಿಗೆ ಕೊಟ್ಟಿದ್ದರ ಅರ್ಧವೂ ಹೇಳಲಿಲ್ಲ. ಜಾಸ್ತಿ ಕೊಡಲು ಹೋದರೆ ತಗೊಳ್ಳಲೂ ಇಲ್ಲ.

ಮನೆಗೆ ಬಂದಾಗ ಸಂಜೆ. ಅಪ್ಪ ಅಂಗಳದಲ್ಲೇ ಕಾಯ್ತಿದ್ದರು. ಪಂಚೆ ಎತ್ತಿ ಕಟ್ಟಿ, ಮುಳ್ಳು ನಡುವಿಗೆ ತಂದು, ಡಿಕಂಪ್ರೆಸರ್ ಹಿಡಿಯದೆ ಸುಮ್ನೆ ಕಿಕ್ ಮೇಲೆ ಕಾಲಿಟ್ಟು ನಿಂತರು. ಅದು ಇಳಿಯಲಿಲ್ಲ. ಪೂರ್ತಿ ಭಾರ ಹಾಕಿದರು. ಆಗಲೂ ಇಳಿಯಲಿಲ್ಲ.

"ಹಾಂ, ಈಗ ನಮ್ಮ ಗಾಡಿ" ಅಂದರು.