ಹನಿ ಬೀಳದ ಜಾಗಕ್ಕೆ ನೆರೆ ಬಂದ ದಿನ

"ಮೇಡಂ, ಇಲ್ಲಿ ಒಂದು ಹನಿ ಸಹ ಬಿದ್ದಿಲ್ಲ. ಹೊಳೆ ಮಾತ್ರ ಏರ್ತಾ ಉಂಟು."

ಕೆಲವು ವರ್ಷಗಳ ಹಿಂದಿನ ಮೇ ತಿಂಗಳು, ಸಂಜೆ ಐದು ದಾಟಿತ್ತು. ಫೋನ್ ಮಾಡಿದವರು ಚಾರ್ಮಾಡಿ ಘಟ್ಟದ ಬುಡದಲ್ಲಿ ಕಿಂಡಿ ಅಣೆಕಟ್ಟು ಕಟ್ಟಿಸುತ್ತಿದ್ದ ಸೂಪರ್‌ವೈಸರ್. ಅಲ್ಲಿಯ ಗುತ್ತಿಗೆದಾರರಿಗೆ ದಿನಾ ಬೆಳಿಗ್ಗೆ ಹವಾಮಾನ ಮುನ್ಸೂಚನೆ ಕಳಿಸುವುದು ನನ್ನ ಕೆಲಸ. ಆ ದಿನ ಬರೆದದ್ದು ಇಷ್ಟು: 'ಮಧ್ಯಾಹ್ನದ ನಂತರ ಅಲ್ಲಲ್ಲಿ ಗುಡುಗು ಸಹಿತ ಹಗುರ ಮಳೆ.' ಅದನ್ನು ನಂಬಿ ಹನ್ನೊಂದು ಜನ ಹೊಳೆಯ ಪಾತ್ರದಲ್ಲೇ ಕಬ್ಬಿಣ ಕಟ್ಟುತ್ತಿದ್ದರು.

ಅವರನ್ನು ಉಳಿಸಿದ್ದು ಪಕ್ಕದ ತೋಟದಲ್ಲಿ ಅಡಿಕೆಗೆ ನೀರು ಬಿಡುತ್ತಿದ್ದ ಒಬ್ಬ ಅಜ್ಜ. ತಿಳಿಯಾಗಿದ್ದ ನೀರು ಕೆಂಪಾಗಿ, ಮೇಲೆ ತರಗೆಲೆ, ಕಡ್ಡಿ ತೇಲಿ ಬರುವುದನ್ನು ಕಂಡು "ಬೊಳ್ಳ ಬರ್ಪುಂಡು" (ನೆರೆ ಬರ್ತಾ ಉಂಟು) ಎಂದು ತುಳುವಿನಲ್ಲಿ ಕೂಗಿದ್ದಾರೆ. ಎಲ್ಲರೂ ದಂಡೆ ಹತ್ತಿ ಹತ್ತು ನಿಮಿಷ ಆಗಿರಲಿಲ್ಲ, ಸೆಂಟ್ರಿಂಗ್ ಹಲಗೆ, ಸಿಮೆಂಟ್ ಚೀಲ, ಎರಡು ಪಂಪು ಕೊಚ್ಚಿಕೊಂಡು ಹೋದವು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಮಾಹಿತಿಯನ್ನೆಲ್ಲ ಮತ್ತೆ ತೆರೆದು ಕೂತೆ.

ಬೇಸಿಗೆಯಲ್ಲಿ ಘಟ್ಟದ ಕಥೆ ಹೀಗೆ: ಬಿಸಿಲಿಗೆ ಬೆಟ್ಟದ ಮೈ ಬೇಗ ಕಾಯುತ್ತದೆ. ಅರಬ್ಬಿ ಸಮುದ್ರದ ತೇವ ಹೊತ್ತ ಕಡಲಗಾಳಿ ಅದನ್ನು ಹತ್ತುತ್ತದೆ. ಮೇಲೆ ಒಳನಾಡಿನ ಒಣಗಾಳಿ ಎದುರಾಗುತ್ತದೆ. ಎರಡು ಮೂರು ಗಂಟೆ ಹೊತ್ತಿಗೆ ಘಟ್ಟದ ತಲೆಯ ಮೇಲೆ ಮೋಡ ಗೋಪುರದಂತೆ ಏಳುತ್ತದೆ. ಸಾಮಾನ್ಯವಾಗಿ ಮೇಲ್ಮಟ್ಟದ ಪೂರ್ವದ ಗಾಳಿ ಆ ಮೋಡವನ್ನು ಕರಾವಳಿಯತ್ತ ತಳ್ಳುತ್ತದೆ, ಮಳೆ ದಾರಿಯುದ್ದಕ್ಕೂ ಹಂಚಿಹೋಗುತ್ತದೆ.

ಮಂಗಳೂರಿನಲ್ಲಿ ಬೆಳಗಿನ ಜಾವ 5:30ಕ್ಕೆ ಹಾರಿಬಿಡುವ ಹವಾಮಾನ ಬಲೂನಿನ ಮಾಪನದಲ್ಲಿ ಎಲ್ಲ ಸುಳಿವೂ ಇತ್ತು. ತೇವ ಹೇರಳವಾಗಿತ್ತು, ಮೋಡ ಏಳಲು ಬೇಕಾದ ಶಕ್ತಿಯೂ ಇತ್ತು. ಅವೆರಡನ್ನೂ ನಾನು ನೋಡಿದ್ದೆ. ಗಮನ ಕೊಡದೆ ದಾಟಿಹೋದದ್ದು ಮೂರರಿಂದ ಆರು ಕಿ.ಮೀ. ಎತ್ತರದ ಗಾಳಿಯ ವೇಗ ಬರೆದಿದ್ದ ಸಾಲುಗಳನ್ನು. ಅಲ್ಲಿ ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ತಳ್ಳುವವರಿಲ್ಲದ ಮೋಡ ಹುಟ್ಟಿದಲ್ಲೇ ನಿಂತಿತು. ಒಂದು ಸುರಿದು ಬರಿದಾಗುವಷ್ಟರಲ್ಲಿ ಕಡಲಗಾಳಿ ಅದೇ ಏಣಿನ (ಬೆಟ್ಟದ ಅಂಚಿನ) ಮೇಲೆ ಇನ್ನೊಂದನ್ನು ಎಬ್ಬಿಸಿತು. ಮಳೆಯ ಪ್ರಮಾಣಕ್ಕೆ ನಾನು ನಂಬಿದ್ದ ಕಂಪ್ಯೂಟರ್ ಮಾದರಿ ನೆಲವನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತದೆ, ಒಂದೊಂದು ಚೌಕ 12 ಕಿ.ಮೀ. ಅಗಲ. ಅಷ್ಟರೊಳಗೆ ಇಲ್ಲಿ ಅಡಿಕೆ ತೋಟ, ಕಡಿದಾದ ಕಾಡು, ಘಟ್ಟದ ನೆತ್ತಿ ಎಲ್ಲ ಮುಗಿದುಹೋಗುತ್ತದೆ. ಮಾದರಿಯ ಕಣ್ಣಿಗೆ ಕಂಡದ್ದು ಒಂದು ಸೌಮ್ಯ ಇಳಿಜಾರು. ದೂರದ ರಾಡಾರ್ ಮೇಲೂ ಪೂರ್ತಿ ಭಾರ ಹಾಕುವಂತಿಲ್ಲ. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ ನೂರು ಕಿ.ಮೀ. ಹೋಗುವಷ್ಟರಲ್ಲಿ ಸುಮಾರು ಒಂದೂವರೆ ಕಿ.ಮೀ. ಮೇಲೇರಿರುತ್ತದೆ, ನಡುವೆ ಬೆಟ್ಟ ಅಡ್ಡ ಬಂದರೆ ಆಚೆಯದು ಕಾಣುವುದೇ ಇಲ್ಲ.

ಲೆಕ್ಕ ಹಾಕಿದಾಗ ಇನ್ನೂ ಭಯವಾಯಿತು. ಒಂದು ಚದರ ಕಿ.ಮೀ. ಮೇಲೆ ಒಂದು ಮಿ.ಮೀ. ಮಳೆಯೆಂದರೆ ಹತ್ತು ಲಕ್ಷ ಲೀಟರ್. ಹದಿನೈದು ಚದರ ಕಿ.ಮೀ. ಜಲಾನಯನದ ಮೇಲೆ 60 ಮಿ.ಮೀ. ಸುರಿದು, ಅದರ ಮೂರನೇ ಒಂದು ಪಾಲು ಮಾತ್ರ ಹೊಳೆಗಿಳಿದರೂ 30 ಕೋಟಿ ಲೀಟರ್. ದೊಡ್ಡ ಟ್ಯಾಂಕರಿನಲ್ಲಿ ಹತ್ತು ಸಾವಿರ ಲೀಟರ್ ಹಿಡಿಯುತ್ತದೆ ಅಂದುಕೊಳ್ಳಿ, ಅಂಥ ಮೂವತ್ತು ಸಾವಿರ ಟ್ಯಾಂಕರ್ ನೀರು ಒಂದೇ ಕೊರಕಲಿನಲ್ಲಿ.

ನಮ್ಮ ವೃತ್ತಿಯಲ್ಲಿ ಇದು ಹಳೆಯ ಪಾಠ. ಅಮೆರಿಕದ ಕೊಲರಾಡೊದಲ್ಲಿ 1976ರ ಜುಲೈ 31ರ ಸಂಜೆ ಬಿಗ್ ಥಾಂಪ್ಸನ್ ಕಣಿವೆಯ ಮೇಲ್ಭಾಗದಲ್ಲಿ ಹೀಗೇ ಒಂದು ಮೋಡ ನಿಂತುಬಿಟ್ಟಿತು. ಅಲ್ಲೂ ಮೇಲ್ಮಟ್ಟದ ಗಾಳಿ ದುರ್ಬಲ. ನಾಲ್ಕು ಗಂಟೆಯಲ್ಲಿ ಸುಮಾರು 300 ಮಿ.ಮೀ. ಮಳೆ, 144 ಸಾವು. ರಾಜ್ಯ ಸ್ಥಾಪನೆಯ ನೂರನೇ ವರ್ಷದ ವಾರಾಂತ್ಯವೆಂದು ಕಣಿವೆ ತುಂಬ ಜನ ಇದ್ದರು. ಈಗ ಆ ಕಡೆಯ ಕಣಿವೆ ರಸ್ತೆಗಳಲ್ಲಿ ನೆರೆ ಬಂದರೆ ಮೇಲೆ ಹತ್ತಿ ಎನ್ನುವ ಫಲಕಗಳಿವೆ. ಈ ಘಟನೆಯನ್ನು ಓದಿ ನಾನು ಪರೀಕ್ಷೆ ಬರೆದಿದ್ದೆ. ಚಾರ್ಮಾಡಿಯ ಬುಡದಲ್ಲಿ ಅದು ನೆನಪಿಗೆ ಬರಲಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಚುಚ್ಚಿದ್ದು.

ಮರುದಿನ 8:30ಕ್ಕೆ ಸೈಟಿನ ಮಳೆಮಾಪಕದಲ್ಲಿ ಇದ್ದದ್ದು 2 ಮಿ.ಮೀ. ಆ ಅಂಕಿ ತೋರಿಸಿ ನನ್ನ ಮುನ್ಸೂಚನೆ ಸರಿಯಾಗಿತ್ತು ಎಂದು ವರದಿ ಬರೆಯಬಹುದಿತ್ತು. ಬರೆಯಲಿಲ್ಲ. ಗುತ್ತಿಗೆದಾರರಿಗೆ ಫೋನ್ ಮಾಡಿ ತಪ್ಪು ನನ್ನದು ಎಂದೆ.

ಅಲ್ಲಿಂದ ಕೆಲಸದ ಕ್ರಮ ಬದಲಾಯಿತು. ಬೆಳಿಗ್ಗೆ ಮೊದಲು ನೋಡುವುದು ಮೋಡ ನಡೆಯುತ್ತದೆಯೋ ನಿಲ್ಲುತ್ತದೆಯೋ ಎಂದು. ಆಮೇಲೆ ನಕ್ಷೆ ತೆರೆದು, ಆ ಏಣಿನ ನೀರು ಯಾವ ಹಳ್ಳದಲ್ಲಿ ಇಳಿಯುತ್ತದೆ ಎಂದು. ಸೈಟಿನ ಮಳೆಗೊಂದು ಸಾಲು, ಹೊಳೆಗೊಂದು ಸಾಲು, ಬೇರೆ ಬೇರೆ ಬರೆಯುತ್ತೇನೆ: 'ನಿಮ್ಮಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಕಪ್ಪು ಕಟ್ಟಿದರೆ ಪಾತ್ರಕ್ಕೆ ಇಳಿಯಬೇಡಿ.' ಘಟ್ಟದ ಮೇಲಿನ ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವವರು) ಒಬ್ಬರು ಜೋರು ಮಳೆ ಹಿಡಿದ ಕೂಡಲೇ ಫೋನ್ ಮಾಡುತ್ತಾರೆ. ಯಾವ ಉಪಗ್ರಹ ಚಿತ್ರಕ್ಕಿಂತಲೂ ಆ ಕರೆ ನನಗೆ ದೊಡ್ಡದು.

ಎಚ್ಚರಿಕೆ ಕೊಟ್ಟ ದಿನವೆಲ್ಲ ನೀರು ಬರುವುದಿಲ್ಲ. ಅರ್ಧ ದಿನದ ಕೂಲಿ ಹೋಯಿತು ಎಂದು ಬೇಸರಪಟ್ಟವರಿದ್ದಾರೆ, ಅವರ ಬೇಸರ ನ್ಯಾಯವಾದದ್ದೇ. ಹಾಗಾಗಿ ಕೆಲಸ ನಿಲ್ಲಿಸಿ ಎನ್ನುವ ಬದಲು ಹೊತ್ತು ಬದಲಿಸಲು ಕೇಳಿದೆ. ಬೆಳಿಗ್ಗೆ ಆರರಿಂದ ಒಂದರವರೆಗೆ ಪಾತ್ರದಲ್ಲಿ, ಮಧ್ಯಾಹ್ನ ದಂಡೆಯ ಮೇಲಿನ ಕೆಲಸ. ಕೂಲಿಯೂ ಉಳಿಯಿತು.

ಇನ್ನೂ ಚಿಂತೆ ಇರುವುದು ರಾತ್ರಿಯದು. ಕತ್ತಲಲ್ಲಿ ನೀರಿನ ಬಣ್ಣ ಕಾಣುವುದಿಲ್ಲ, ತರಗೆಲೆಯೂ ಕಾಣುವುದಿಲ್ಲ. ಹೊರ ಊರಿನಿಂದ ಬಂದ ಕಾರ್ಮಿಕರಿಗೆ ಘಟ್ಟದ ಹೊಳೆಯ ಸ್ವಭಾವ ಗೊತ್ತಿರುವುದಿಲ್ಲ, ನೀರು ಹತ್ತಿರ ಇರಲಿ ಎಂದು ಅವರ ಶೆಡ್ಡನ್ನು ದಂಡೆಯಲ್ಲೇ ಹಾಕಿಸುತ್ತಾರೆ. ಹೊಸ ಸೈಟಿನವರು ಯಾರೇ ಕೇಳಿದರೂ ಮುನ್ಸೂಚನೆ ಶುರುಮಾಡುವ ಮೊದಲು ನಾನು ಶೆಡ್ಡಿನ ಫೋಟೋ ತರಿಸಿಕೊಳ್ಳುತ್ತೇನೆ. ಕಳೆದ ವಾರ ಬಂದ ಫೋಟೋದಲ್ಲಿ ಶೆಡ್ಡಿನ ಹಿಂದಿನ ಮರದ ಕೊಂಬೆಗೆ, ಆಳೆತ್ತರದಲ್ಲಿ, ಹಿಂದಿನ ನೆರೆಯ ಒಣ ಕಸ ಸಿಕ್ಕಿಕೊಂಡಿತ್ತು. ಅದೇ ಸಂಜೆ ಶೆಡ್ ಮೇಲಕ್ಕೆ ಹಾಕಿಸಿದರು.